ಹಳೇ ಟ್ಯೂಬ್‌ಲೈಟ್ ಪಟ್ಟಿ ಹಾಕಿ ಸೀರೆ ಫೋಟೋ ತೆಗೆಯಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಇಳಕಲ್ ಸೀರೆ ಅಂಗಡಿ, ಈಗ ವಾಟ್ಸಾಪ್‌ನಲ್ಲೂ ಮಾರುತ್ತೇವೆ. ಅಂಗಡಿಗೆಲ್ಲ ಎಲ್‌ಇಡಿ ಹಾಕಿಸಿದ ಮೇಲೆ ನಾಲ್ಕಡಿಯ ಟ್ಯೂಬ್‌ಲೈಟ್ ಪಟ್ಟಿಗಳು ಸುಮ್ಮನೆ ಬಿದ್ದಿವೆ. ಅವನ್ನೇ ಫೋಟೋ ಲೈಟ್ ಮಾಡಿಕೊಳ್ಳಬಹುದಾ? ಹಚ್ಚಿ ನೋಡಿದರೆ ಮೊಬೈಲ್‌ನಲ್ಲಿ ಅಡ್ಡಡ್ಡ ಪಟ್ಟೆ ಬರುತ್ತಿವೆ. ಟೋಪ್ ತೆನಿ ಸೆರಗಿನ ಕೆಂಪು ಬೇರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದೆ.

ಉತ್ತರ: ಧಾರಾಳವಾಗಿ ಮಾಡಬಹುದು ಮೇಡಂ. ಪಟ್ಟೆಗೆ ಕಾರಣ ಹಳೇ ಚೋಕ್. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆ ಚೋಕ್ ಇದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾ ಹಿಡಿದುಬಿಡುತ್ತದೆ. ಎಲೆಕ್ಟ್ರಾನಿಕ್ ಚೋಕ್ ಹಾಕಿಸಿ, ಅದು 20,000 ಹರ್ಟ್ಸ್‌ಗೂ ಮೇಲೆ ಕೆಲಸ ಮಾಡುತ್ತದೆ, ಪಟ್ಟೆಯ ಮಾತೇ ಇಲ್ಲ. ಸ್ಟಾರ್ಟರ್ ಆಮೇಲೆ ಬೇಕಿಲ್ಲ. ವೈರಿಂಗ್ ಬದಲಾಗುವುದರಿಂದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಪಟ್ಟಿ ತಗಡಿನದು, ಸ್ಟ್ಯಾಂಡಿಗೆ ಕಟ್ಟಿ ಆಚೀಚೆ ಸರಿಸುತ್ತೀರಿ, ಆದ್ದರಿಂದ ಅರ್ಥಿಂಗ್ ಕೊಡದೆ ಬಿಡಲೇಬೇಡಿ.

ಕೆಂಪಿನದು ಟ್ಯೂಬಿನ ದೋಷ, ನನ್ನ ಪ್ರಕಾರ ನಿಮಗೆ ಇದೇ ಮುಖ್ಯ. ಟ್ಯೂಬಿನ ತುದಿಯಲ್ಲಿ ಮೂರಂಕಿಯ ಸಂಖ್ಯೆ ಇದೆಯಾ ನೋಡಿ. 765 ಅಂತಿದ್ದರೆ ಪಕ್ಕಕ್ಕಿಡಿ. ಮೊದಲ ಅಂಕಿ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದಕ್ಕೆ: 7 ಎಂದರೆ ನೂರಕ್ಕೆ 70ರ ಆಸುಪಾಸು, 9 ಎಂದರೆ 90ರ ಮೇಲೆ. ಕೊನೆಯ 65 ಎಂದರೆ 6500 ಕೆಲ್ವಿನ್, ಅಂದರೆ ಬಿಳಿ ಬೆಳಕು. 950 ಅಥವಾ 965 ಸಿಕ್ಕರೆ ಬಿಡಬೇಡಿ, ಸಿಗದಿದ್ದರೆ 865 ನಡೆಯುತ್ತದೆ. ಹಳೇ ಟ್ಯೂಬಿನ ಬೆಳಕಿನಲ್ಲಿ ಗಾಢ ಕೆಂಪು ಬಹಳ ಕಡಿಮೆ, ಹಸಿರು ಹೆಚ್ಚು. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಎಡಿಟಿಂಗ್‌ನಲ್ಲಿ ಎಳೆದು ತಂದರೆ ಅಂಚಿನ ಬಣ್ಣ ಕೆಡುತ್ತದೆ. ಫೋಟೋ ನೋಡಿ ತರಿಸಿಕೊಂಡವರು ಬಣ್ಣ ಬೇರೆ ಅಂತ ಸೀರೆ ವಾಪಸ್ ಕಳಿಸಿದರೆ ನೇಯ್ದವರ ಶ್ರಮಕ್ಕೂ ಪೆಟ್ಟು.

ಪಟ್ಟಿಗಳನ್ನು ಉದ್ದಕ್ಕೆ ನಿಲ್ಲಿಸಿ, ಸೀರೆಯ ಎರಡೂ ಬದಿಗೆ ಎರಡೆರಡು, ಓರೆಯಾಗಿ. ನೇಯ್ಗೆಯ ಎಳೆ ಕಾಣಬೇಕಾದಾಗ ಒಂದು ಬದಿಯದನ್ನು ಆರಿಸಿಬಿಡಿ. ಪಕ್ಕದಿಂದ ಬಿದ್ದ ಬೆಳಕಿಗೆ ಸೆರಗಿನ ರೇಷ್ಮೆ ಎಳೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಅಂಗಡಿಯ ಎಲ್‌ಇಡಿ ಆರಿಸಿ, ಕಿಟಕಿ ಮುಚ್ಚಿ, ಟ್ಯೂಬ್ ಹಚ್ಚಿ ಕೆಲವು ನಿಮಿಷ ಬಿಟ್ಟು ತೆಗೆಯಿರಿ. ಬೆಳಕು ಒಂದೇ ಸಮ ಆಗಲು ಅಷ್ಟು ಹೊತ್ತು ಬೇಕು.

ಪ್ರಶ್ನೆ: ಚೋಕ್ ಬದಲಿಸುವವರೆಗೆ ಏನು ಮಾಡಲಿ ಸರ್?

ಉತ್ತರ: ಮೊಬೈಲಿನ ಪ್ರೋ ಮೋಡ್‌ನಲ್ಲಿ ಶಟರ್ 1/50 ಅಥವಾ 1/100ಕ್ಕೆ ಇಡಿ, ಪಟ್ಟೆ ಹೋಗುತ್ತದೆ. ಕೈ ಅಲುಗದಂತೆ ಟ್ರೈಪಾಡ್ ಇರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಇಷ್ಟೆಲ್ಲ ಯಾಕೆ ಸರ್, ಎಲ್‌ಇಡಿ ಟ್ಯೂಬೇ ಹಾಕಬಹುದಲ್ಲ?

ಉತ್ತರ: ಹೊಸದಾಗಿ ಕೊಳ್ಳುವುದಾದರೆ ನಾನೂ ಎಲ್‌ಇಡಿ ಅಂತಲೇ ಹೇಳುತ್ತೇನೆ, ಆದರೆ ಡಬ್ಬದ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ) 90ಕ್ಕಿಂತ ಹೆಚ್ಚು ಅಂತ ಇರಬೇಕು. ಮನೆಗೆ ಹಾಕುವ ಸಾಮಾನ್ಯ ಎಲ್‌ಇಡಿ ಟ್ಯೂಬಿನಲ್ಲಿ ಅಷ್ಟಿರುವುದು ಅಪರೂಪ. ಮೇಡಂ ಹತ್ತಿರ ಪಟ್ಟಿಗಳು ಇದ್ದೇ ಇವೆ, ಅವರಿಗೆ ಚೋಕ್, ಟ್ಯೂಬಿನ ಖರ್ಚು ಮಾತ್ರ. ಒಂದು ವಿಷಯ: ಇವುಗಳಲ್ಲಿ ಪಾದರಸ ಇರುವುದರಿಂದ ಉದ್ದನೆಯ ಟ್ಯೂಬ್‌ಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ಪಾದರಸ ತಡೆಯುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಒಳ್ಳೆಯ ಟ್ಯೂಬ್ ಸಿಕ್ಕರೆ ಎರಡು ಹೆಚ್ಚಿಗೆ ತೆಗೆದಿಡಿ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಚೂರುಗಳನ್ನು ದಪ್ಪ ಕಾಗದದಲ್ಲಿ ಎತ್ತಿ. ಪೊರಕೆ ಹಾಕಿ ಗುಡಿಸಬೇಡಿ.