ಕೊಡಗಿನಲ್ಲಿ ಬೆಳೆದ ಹಾಪ್ಸ್ ಬಿಯರ್‌ಗೆ ಆಗುತ್ತಾ? ಯಾವ ತಳಿ ಆರಿಸಬೇಕು?

ಐಗೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ತಾಲ್ಲೂಕಿನವನು. ಏಳು ವರ್ಷ ನ್ಯೂಜಿಲೆಂಡಿನ ನೆಲ್ಸನ್‌ನಲ್ಲಿ ಕೆಲಸದಲ್ಲಿದ್ದೆ. ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗುತ್ತಿಲ್ಲ ಅಂತ ಹೋದ ವರ್ಷ ಊರಿಗೆ ಬಂದೆ.

ನೆಲ್ಸನ್ ಅಂದರೆ ಆ ದೇಶದ ಹಾಪ್ಸ್ ಸೀಮೆ. ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ಘಮ ಕೊಡುವ ಹೂವಿನ ಬಳ್ಳಿ. ಮಾರ್ಚ್‌ನಲ್ಲಿ ಕೊಯ್ಲಿನ ಹೊತ್ತಿಗೆ ರಸ್ತೆಯಲ್ಲಿ ಹೋದರೂ ಮೂಗಿಗೆ ಘಮ ಬಡಿಯುತ್ತದೆ. ಮನೆಯಲ್ಲಿ ಬಿಯರ್ ಮಾಡುವುದನ್ನು ಅಲ್ಲೇ ಕಲಿತೆ. ಪಕ್ಕದ ಮನೆಯವರ ಬೇಲಿಯ ಹಾಪ್ಸ್ ಹೂವನ್ನೇ ಹಾಕುತ್ತಿದ್ದೆ. ಆ ರುಚಿ ಪೊಟ್ಟಣದ ಹಾಪ್ಸ್‌ಗೆ ಬರಲಿಲ್ಲ. ನಮ್ಮ ತೋಟದ ಹಾಪ್ಸ್‌ನಲ್ಲೇ ಒಂದು ಬಿಯರ್ ಮಾಡಬೇಕು ಅನ್ನುವುದು ಆಗಿನಿಂದ ತಲೆಯಲ್ಲಿ ಕೂತಿದೆ.

ಊರಿಗೆ ಬಂದಮೇಲೆ ಉತ್ತರದ ಒಂದು ನರ್ಸರಿಯಿಂದ ಕ್ಯಾಸ್ಕೇಡ್ ತಳಿಯ ಎರಡು ಗಿಡ ತರಿಸಿದೆ. ಮೆಣಸಿನ ಬಳ್ಳಿ ಹಬ್ಬಿಸುವ ಹಾಗೆ ಸಿಲ್ವರ್ ಓಕ್ ಬುಡದಲ್ಲಿ ನೆಟ್ಟೆ. ಅಲ್ಲಿ ಬಳ್ಳಿ ಇಪ್ಪತ್ತು ಅಡಿ ಹೋಗುತ್ತಿತ್ತು. ಇಲ್ಲಿ ಸೊಂಟದ ಎತ್ತರಕ್ಕೆ ಬಂದು ನಿಂತಿತು, ಅಷ್ಟರಲ್ಲೇ ಹೂ ಬಿಟ್ಟಿತು. ಎಣಿಸಿದರೆ ಹನ್ನೊಂದು ಹೂ. ತಿಕ್ಕಿದರೆ ವಾಸನೆ ಇದೆ, ಆದರೆ ತೆಳು. ಮಳೆ ಶುರುವಾದಮೇಲೆ ಎಲೆಯೆಲ್ಲ ಹಳದಿಯಾಗಿ ಉದುರಿತು.

ತಳಿ ತಪ್ಪಾಯಿತಾ? ನಮ್ಮ ಹವೆಗೆ ಬೇರೆ ತಳಿ ಇದೆಯಾ? ಅಥವಾ ಈ ನೆಲಕ್ಕೆ ಆಗುವುದೇ ಇಲ್ಲವಾ? ಬೆಳೆದು ನೋಡಿದವರು ದಯವಿಟ್ಟು ಹೇಳಿ.

ಬಾಣಾವರ ರಸ್ತೆ

ಹಾಪ್ಸ್‌ಗೆ ಹಿಮ ಬೀಳುವಷ್ಟು ಚಳಿ ಬೇಕು ಅಂತ ಓದಿದ್ದೇನೆ. ನಮ್ಮ ದೇಶದಲ್ಲಿ ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅದೂ ಚಳಿಗಾಲ ಪೂರ್ತಿ ಹಿಮದಡಿ ಇರುವ ಜಾಗ. ದೇಶದ ಹಾಪ್ಸ್ ಬೇಕು ಅಂದರೆ ಅಲ್ಲಿಂದ ಒಣಗಿದ್ದನ್ನು ತರಿಸಿಕೊಳ್ಳಿ. ಆ ಜಾಗದಲ್ಲಿ ನಾಲ್ಕು ಮೆಣಸಿನ ಬಳ್ಳಿ ನೆಟ್ಟರೆ ಕಾಸಾದರೂ ಬರುತ್ತದೆ.

ಕಾಫಿ ಕಣ

ತಮ್ಮಾ, ನೀವು ಬರೆದದ್ದನ್ನು ಓದಿ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು. ನಾನು ಸುಂಟಿಕೊಪ್ಪದ ಹತ್ತಿರದವಳು. ನನ್ನ ಹತ್ತಿರ ನಾಲ್ಕು ಕ್ಯಾಸ್ಕೇಡ್ ಗಿಡ ಇವೆ, ಈಗ ನಾಲ್ಕನೇ ವರ್ಷ. ನನಗೂ ಮೊದಲ ಸಲ ಸೊಂಟದೆತ್ತರಕ್ಕೇ ಹೂ ಬಂತು. ನಾಲ್ಕು ಗಿಡದಿಂದ ಒಣಗಿಸಿ ಸಿಕ್ಕಿದ್ದು 35 ಗ್ರಾಂ. ಬೇಜಾರಾಗಿ ಕಿತ್ತೇ ಹಾಕೋಣ ಅಂದುಕೊಂಡಿದ್ದೆ.

ಮೇಲೆ ಬರೆದವರು ಚಳಿ ಅಂದರು. ನಾನೂ ಹಾಗೇ ನಂಬಿದ್ದೆ. ಆದರೆ ಚಳಿಗಾಲದ ನಿದ್ದೆ ಇಲ್ಲದೆಯೂ ಹಾಪ್ಸ್ ಚೆನ್ನಾಗಿ ಹೂ ಬಿಡುತ್ತದೆ ಅಂತ ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಿಂದ 2019ರಲ್ಲಿ ಒಂದು ಅಧ್ಯಯನ ಬಂತು. ನಮ್ಮಲ್ಲಿ ಕಡಿಮೆ ಬೀಳುವುದು ಹಗಲು. ಹಾಪ್ಸ್ ಹಗಲಿನ ಉದ್ದ ನೋಡಿಕೊಂಡು ಬದುಕುವ ಗಿಡ. ಹಗಲು ಉದ್ದ ಇರುವವರೆಗೆ ಮೇಲಕ್ಕೆ ಹತ್ತುತ್ತದೆ, ಹಗಲು ಕುಗ್ಗಿತು ಅಂದರೆ ಹೂ ಬಿಡುತ್ತದೆ. ನಿಮ್ಮ ನೆಲ್ಸನ್‌ನಲ್ಲಿ ಡಿಸೆಂಬರ್ ಹಗಲು 15 ಗಂಟೆ. ಕೊಡಗಿನಲ್ಲಿ ಜೂನ್‌ನ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮ್ಮ ಗಿಡದ ಲೆಕ್ಕದಲ್ಲಿ ಹುಟ್ಟಿದ ದಿನದಿಂದಲೇ ಹೂ ಬಿಡುವ ಕಾಲ. ಪಾಪ, ಅದು ಬೆಳೆಯುವ ಮೊದಲೇ ಹೂ ಬಿಟ್ಟು ಸುಸ್ತಾಗುತ್ತದೆ. ಹಾಗಾಗಿ ನಿಮ್ಮ ತಳಿ ತಪ್ಪಿಲ್ಲ.

ಇದಕ್ಕೆ ದಾರಿ ಇದೆ, ದೀಪ ಹಾಕುವುದು. ದಕ್ಷಿಣ ಆಫ್ರಿಕಾದವರು ಹಿಂದೆ ಇದನ್ನೇ ಮಾಡುತ್ತಿದ್ದರು. ಆಮೇಲೆ ಅವರು ಚಿಕ್ಕ ಹಗಲಿಗೆ ಹೊಂದುವ ತಳಿಗಳನ್ನೇ ಮಾಡಿಕೊಂಡರು. ಸದರ್ನ್ ಪ್ರಾಮಿಸ್, ಸದರ್ನ್ ಸ್ಟಾರ್ ಅಂತ ಹೆಸರು ಕೇಳಿರಬಹುದು. ಫ್ಲೋರಿಡಾ ವಿಶ್ವವಿದ್ಯಾಲಯದವರೂ ದೀಪ ಹಾಕಿ ವರ್ಷಕ್ಕೆ ಎರಡು ಕೊಯ್ಲು ತೆಗೆದಿದ್ದಾರೆ. ಅಲ್ಲಿ ಚೆನ್ನಾಗಿ ಬಂದ ತಳಿಗಳಲ್ಲಿ ಕ್ಯಾಸ್ಕೇಡ್ ಒಂದು. ಅದನ್ನು ಓದಿಯೇ ನನಗೆ ಧೈರ್ಯ ಬಂದದ್ದು. ಹೊಸ ತಳಿ ಹುಡುಕಿಕೊಂಡು ಹೋಗುವುದಾದರೆ ಒಂದು ನೆನಪಿಡಿ: ಹೊರದೇಶದಿಂದ ಗಿಡ, ಬೇರು ತರಲು ಸಸ್ಯ ಕ್ವಾರಂಟೈನ್ ಪರ್ಮಿಟ್ ಬೇಕೇಬೇಕು. ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಒಂದು ರೋಗ ಒಳಗೆ ಬಂದರೆ ಅಕ್ಕಪಕ್ಕದ ತೋಟದ ಗತಿ ಏನು?

ನಾನು ಮಾಡುವುದು ಹೀಗೆ. ಡಿಸೆಂಬರ್ ಕೊನೆಗೆ ಗಿಡವನ್ನು ಬುಡದವರೆಗೆ ಕತ್ತರಿಸುತ್ತೇನೆ. ಜನವರಿಯಲ್ಲಿ ಹೊಸ ಚಿಗುರು ಬರುತ್ತದೆ. ಸಂಜೆ ಆರಕ್ಕೆ ಎಲ್‌ಇಡಿ ಬಲ್ಬು ಹಾಕಿದರೆ ರಾತ್ರಿ ಹನ್ನೊಂದಕ್ಕೆ ಆರಿಸುವುದು. ಒಟ್ಟು ಬೆಳಕು 16 ಗಂಟೆ ಆಗುತ್ತದೆ. ಬಳ್ಳಿ 14, 15 ಅಡಿ ಆಗುವವರೆಗೆ ಒಂದು ರಾತ್ರಿಯೂ ತಪ್ಪಿಸಬಾರದು. ಎರಡನೇ ವರ್ಷ ಮರ ಬಿದ್ದು ಒಂದು ವಾರ ಕರೆಂಟ್ ಇರಲಿಲ್ಲ. ಅಷ್ಟಕ್ಕೇ ಎಂಟು ಅಡಿಯಲ್ಲಿ ಮೊಗ್ಗು ಕಟ್ಟಿತು. ಈಗ ಒಂದು ಬ್ಯಾಟರಿ ಇಟ್ಟಿದ್ದೇನೆ. ಮಾರ್ಚ್ ಮಧ್ಯದಲ್ಲಿ ದೀಪ ನಿಲ್ಲಿಸುತ್ತೇನೆ. ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ಹಾಪ್ಸ್ ಮೊಗ್ಗಾಗಿರುತ್ತದೆ. ಮೇ ಮೂರನೇ ವಾರದೊಳಗೆ ಕೊಯ್ಲು ಮುಗಿಯಬೇಕು. ಹೋದ ಮೇನಲ್ಲಿ ನಾಲ್ಕು ಗಿಡದಿಂದ 410 ಗ್ರಾಂ ಒಣ ಹೂ ಸಿಕ್ಕಿತು. ತೂಕ ಹಾಕುವಾಗ ನನ್ನ ಕೈ ನಡುಗಿತು, ಅಷ್ಟು ಖುಷಿ.

ಮೇ ಗಡುವು ಯಾಕೆ ಅಂದರೆ ಮಳೆ. ನಿಮ್ಮ ಎಲೆ ಉದುರಿದ್ದು ಬೂಜುರೋಗದಿಂದ ಇರಬೇಕು. ಎಲೆಯ ಅಡಿಯಲ್ಲಿ ಬೂದು ಬಣ್ಣದ ಪುಡಿ ಇತ್ತಾ ನೋಡಿದಿರಾ? ಡೌನಿ ಮಿಲ್‌ಡ್ಯೂ ಅನ್ನುತ್ತಾರೆ. ಒದ್ದೆ ಎಲೆ ಸಿಕ್ಕರೆ ಸಾಕು ಅದಕ್ಕೆ. ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕೂ ಆಗುತ್ತದೆ. ಆದರೆ ಹೂ ಬಂದಮೇಲೆ ನಾನು ಹೊಡೆಯುವುದಿಲ್ಲ, ಬಾಯಿಗೆ ಹೋಗುವ ವಸ್ತು ಅಲ್ವಾ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಜಾಗ ಇದ್ದವರಿಗೆ ಇನ್ನೂ ಅನುಕೂಲ. ಮತ್ತೆ ಸಿಲ್ವರ್ ಓಕ್ ಬುಡ ಬೇಡವೇ ಬೇಡ. ಹಾಪ್ಸ್‌ಗೆ ಪೂರ್ತಿ ಬಿಸಿಲು ಬೇಕು. ಕೊಂಬೆ ಕತ್ತರಿಸಿ ಮರಗಸಿ ಮಾಡಿದರೂ ಆ ನೆರಳು ಅದಕ್ಕೆ ಜಾಸ್ತಿ.

ಒಣಗಿಸುವಾಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಹೂವನ್ನು ಕಾಫಿ ಜೊತೆ ಕಣದಲ್ಲಿ ಹರಡಿದೆ. ಸಂಜೆಗೆ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಬಿಸಿಲು ಬೀಳಬಾರದು. ಈಗ ಅಟ್ಟದಲ್ಲಿ ಸೊಳ್ಳೆ ಪರದೆ ಕಟ್ಟಿ, ಅದರ ಮೇಲೆ ತೆಳ್ಳಗೆ ಹರಡಿ, ಫ್ಯಾನ್ ಹಾಕುತ್ತೇನೆ. ಹೂವಿನ ನಡುವಿನ ಕಡ್ಡಿ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಗ್ಗಿದರೆ ಇನ್ನೂ ನೀರಿದೆ ಅಂತ ಅರ್ಥ. ಹಸಿ ಹೂ 100 ಗ್ರಾಂ ಇದ್ದದ್ದು 20, 25 ಗ್ರಾಂ ಆಗುತ್ತದೆ. ಗಾಳಿ ತೆಗೆದ ಕವರಿನಲ್ಲಿ ಫ್ರೀಜರ್‌ಗೆ ಹಾಕಿಬಿಡಿ. ಹೊರಗಿಟ್ಟರೆ ಕೆಲವೇ ತಿಂಗಳಲ್ಲಿ ಹಳೇ ಚೀಸ್ ವಾಸನೆ ಬರುತ್ತದೆ.

ಐಗೂರು ಕಡೆಯವ

ಅಕ್ಕಾ, ತುಂಬಾ ಉಪಕಾರ. ಹೌದು, ಎಲೆಯಡಿ ಬೂದು ಪುಡಿ ಇತ್ತು. ಧೂಳು ಅಂದುಕೊಂಡಿದ್ದೆ. ಇನ್ನೊಂದು ಕೇಳುತ್ತೇನೆ. ನಿಮ್ಮ ಹೂವನ್ನು ಬಿಯರ್‌ಗೆ ಎಷ್ಟು ಹಾಕಿದಿರಿ? ಕಹಿಯ ಲೆಕ್ಕ ಹೇಗೆ? ಮತ್ತೆ ಮನೆಯಲ್ಲಿ ಮಾಡಿದರೆ ಏನೂ ತೊಂದರೆ ಇಲ್ಲವಾ?

ಕಾಫಿ ಕಣ

ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ನ್ಯೂಜಿಲೆಂಡ್ ಬೇರೆ, ಇಲ್ಲಿ ಬೇರೆ. ನಮ್ಮ ಅಣ್ಣನ ಮಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತಾನೆ. ಅವರಿಗೆ ಲೈಸೆನ್ಸ್ ಇದೆ. ಮಾಲೀಕರನ್ನು ಕೇಳಿ, ಅವರ ಪ್ರಯೋಗದ ಪಾತ್ರೆಯಲ್ಲಿ 20 ಲೀಟರ್ ಮಾಡಿಸಿದೆವು. ನೀವೂ ಹಾಗೇ ಒಬ್ಬರನ್ನು ಹುಡುಕಿಕೊಳ್ಳಿ. ಊರಿನ ಹೂ ಅಂದರೆ ಅವರಿಗೂ ಆಸೆ ಇರುತ್ತದೆ.

ಕಹಿಗೆ ನಮ್ಮ ಹೂವನ್ನು ನಂಬಬೇಡಿ. ಕಹಿ ಬರುವುದು ಆಲ್ಫಾ ಆಮ್ಲದಿಂದ, ಅದು ಒಂದು ಗಂಟೆ ಕುದಿದಾಗ. ಕ್ಯಾಸ್ಕೇಡ್‌ನಲ್ಲಿ ಸಾಮಾನ್ಯವಾಗಿ 4.5ರಿಂದ 7 ಶೇಕಡಾ ಇರುತ್ತದೆ ಅನ್ನುತ್ತಾರೆ. ಅದು ದೊಡ್ಡ ಹಗಲಿನ ಸೀಮೆಯ ಲೆಕ್ಕ. ನಮ್ಮ ಗಿಡದಲ್ಲಿ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ನೋಡಿಸದೆ ತಿಳಿಯುವುದಿಲ್ಲ. ನಾವು ಕಹಿಗೆ ಪೊಟ್ಟಣದ ಹಾಪ್ಸ್ ಹಾಕಿದೆವು, ಮೇಲೆ ಆಲ್ಫಾ 10 ಶೇಕಡಾ ಅಂತ ಬರೆದಿತ್ತು. 25 ಗ್ರಾಂ, 60 ನಿಮಿಷ ಕುದಿ. 20 ಲೀಟರ್‌ಗೆ ಸುಮಾರು 30 ಐಬಿಯು ಕಹಿ ಬರುತ್ತದೆ, ಐಬಿಯು ಅಂದರೆ ಬಿಯರ್ ಕಹಿಯ ಅಳತೆ. ನಮ್ಮ ಹೂವು ಒಲೆ ಆರಿಸಿದ ಮೇಲೆ 60 ಗ್ರಾಂ. ಜಾಸ್ತಿ ಕುದಿಸಿದರೆ ಘಮದ ಎಣ್ಣೆಯೆಲ್ಲ ಆವಿಯ ಜೊತೆ ಹೋಗುತ್ತದೆ. ನಾವು ಗಿಡ ಸಾಕಿದ್ದೇ ಆ ಘಮಕ್ಕಾಗಿ. ಒಣಗಿಸದೆ ಹಸಿ ಹೂವೇ ಹಾಕುವುದಾದರೆ ಐದು ಪಟ್ಟು ಬೇಕು.

ಯಾವ ಹೂ ಆರಿಸಬೇಕು ಅನ್ನುವುದಕ್ಕೆ ಕೈಯೇ ಸಾಕು. ಹೂವನ್ನು ಉದ್ದಕ್ಕೆ ಸೀಳಿ. ಎಸಳಿನ ಬುಡದಲ್ಲಿ ಹಳದಿ ಪುಡಿ ಕಾಣಬೇಕು, ಅದೇ ಲುಪುಲಿನ್. ಮಸುಕು ಹಳದಿ ಆದರೆ ಇನ್ನೂ ಎಳೆಯದು, ಗಾಢ ಹಳದಿ ಆದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ತಡವಾಯಿತು. ಹಿಚುಕಿದರೆ ಕಾಗದದ ಹಾಗೆ ಸದ್ದು ಬರಬೇಕು. ಆಮೇಲೆ ಎರಡು ಅಂಗೈ ಮಧ್ಯೆ ಚೆನ್ನಾಗಿ ತಿಕ್ಕಿ ಮೂಗಿಗೆ ಹಿಡಿಯಿರಿ. ನಮ್ಮ ಮೂರನೇ ವರ್ಷದ ಹೂವಿಗೆ ನಿಂಬೆ ಎಲೆಯ ವಾಸನೆ, ಹಿಂದೆ ಸ್ವಲ್ಪ ಚಕ್ಕೋತ. ಬೆಳ್ಳುಳ್ಳಿ ವಾಸನೆ ಬಂದದ್ದನ್ನೆಲ್ಲ ಬಿಸಾಡಿದೆ, ಅದು ಕೊಯ್ಯಲು ತಡವಾದ ಗುರುತು.

ಬಿಯರ್ ಹೇಗಿತ್ತು ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಪೊಟ್ಟಣದ ಕ್ಯಾಸ್ಕೇಡ್‌ನಷ್ಟು ಜೋರಿಲ್ಲ. ಮೆದು. ಆದರೆ ಕುಡಿದು ಲೋಟ ಇಟ್ಟಮೇಲೂ ಆ ನಿಂಬೆ ಎಲೆ ಬಾಯಲ್ಲಿ ಉಳಿದಿತ್ತು. ನಮ್ಮ ಯಜಮಾನರು ಬಿಯರ್ ಮುಟ್ಟದವರು. ಅವರೂ ವಾಸನೆ ನೋಡಿ, ಇದು ನಮ್ಮ ಅಟ್ಟದ ವಾಸನೆ ಅಂದರು.

ಹಳೇ ಕಿತ್ತಳೆ ತೋಟ

ಒಳ್ಳೆಯ ಮಾತು ಬರೆದಿದ್ದೀರಿ ತಾಯಿ. ನನ್ನದೊಂದು ಸಣ್ಣ ಸೇರಿಕೆ. ಮೊದಲ ವರ್ಷ ಹೂ ಸಾಲದಿದ್ದರೆ ಕೊಡಗಿನ ಕಿತ್ತಳೆಯ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳಿ. ಬೆಲ್ಜಿಯಂನವರು ಗೋಧಿ ಬಿಯರ್‌ಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ಆ ಬಿಯರ್‌ಗೆ ಹಾಪ್ಸ್ ಕಡಿಮೆ ಸಾಕು. ಒಳಗಿನ ಬಿಳಿ ಭಾಗ ತೆಗೆಯಿರಿ, ಅದು ಒರಟು ಕಹಿ. ನಮ್ಮ ಕಿತ್ತಳೆ ಮರಗಳು ಎಷ್ಟು ಹೋದವು ನಿಮಗೆಲ್ಲ ಗೊತ್ತು. ಉಳಿದಿರುವುದಕ್ಕೆ ಇಂಥ ಒಂದು ಬೇಡಿಕೆ ಬಂದರೆ ನನ್ನಂಥವರಿಗೆ ಸಂತೋಷ.

ಐಗೂರು ಕಡೆಯವ

ಸಿಪ್ಪೆ ಖಂಡಿತ ಇಡುತ್ತೇನೆ ಅಜ್ಜ, ಮನೆ ಹಿಂದೆ ಇನ್ನೂ ಮೂರು ಮರ ಇವೆ. ಅಕ್ಕಾ, ಎರಡೂ ಗಿಡವನ್ನು ಕಣದ ಪೂರ್ವದ ಅಂಚಿಗೆ ಬದಲಾಯಿಸುತ್ತೇನೆ. ಅಲ್ಲಿ ಮಧ್ಯಾಹ್ನದವರೆಗೂ ಬಿಸಿಲು, ಕರೆಂಟ್ ಕೂಡ ಹತ್ತಿರ. ಕಂಬಕ್ಕೆ ಪ್ಲಾಸ್ಟಿಕ್ ಹಗ್ಗ ಸಾಕಾ?

ಕಾಫಿ ಕಣ

ಪ್ಲಾಸ್ಟಿಕ್ ಜಾರುತ್ತದೆ. ಮೆಣಸಿಗೆ ಇರುವ ಹಾಗೆ ಗಂಟಿನಲ್ಲಿ ಹಿಡಿಯುವ ಬೇರು ಇದಕ್ಕಿಲ್ಲ, ಕಾಂಡದ ಒರಟು ರೋಮದಲ್ಲೇ ಹಿಡಿದು ಹತ್ತಬೇಕು. ತೆಂಗಿನ ನಾರಿನ ಹಗ್ಗ ಕಟ್ಟಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದೊಡ್ಡ ಹಾಪ್ಸ್ ತೋಟಗಳಲ್ಲೂ ನಾರಿನ ಹಗ್ಗವೇ. ಒಂದು ಹಗ್ಗಕ್ಕೆ ಎರಡು ಮೂರು ಚಿಗುರು ಸಾಕು, ಉಳಿದದ್ದು ಚಿವುಟಿ. ಸುತ್ತಿಸುವಾಗ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಿಸಿ. ತಿರುಗಾಮುರುಗಾ ಸುತ್ತಿದರೆ ಬೆಳಗಾಗುವುದರೊಳಗೆ ಬಿಚ್ಚಿಕೊಂಡು ಕೆಳಗೆ ಬಿದ್ದಿರುತ್ತದೆ.