ರೆಸ್ಯೂಮೆ ಎದ್ದು ಕಾಣಲು ನೀವೇನು ಮಾಡಿದಿರಿ? ಅನುಭವ ತಿಳಿಸಿ

ಪ್ರಶ್ನೆ, ದಾವಣಗೆರೆಯಿಂದ: ಮೆಕ್ಯಾನಿಕಲ್ ಬಿ.ಇ. ಮುಗಿಸಿ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲ. ಓದಿಗೂ ಕೆಲಸಕ್ಕೂ ನಡುವೆ ಒಂದು ವರ್ಷದ ಗ್ಯಾಪ್ ಇದೆ. ದುಡ್ಡು ಕೊಟ್ಟು ರೆಸ್ಯೂಮೆ ಬರೆಸುವುದು ಒಳ್ಳೆಯದೇ? ಹಿರಿಯರು ದಯವಿಟ್ಟು ತಿಳಿಸಿ.

ಬೊಮ್ಮಸಂದ್ರದವರು: ದುಡ್ಡು ಕೊಟ್ಟು ಬರೆಸಿದವನು ನಾನು. ಬರವಣಿಗೆಗೆ 6,500 ರೂಪಾಯಿ, ಲಿಂಕ್ಡ್‌ಇನ್ ಪುಟ ತಿದ್ದಲು 2,000, ಬೇಗ ಕೊಡುವುದಕ್ಕೆಂದು 999, ಇವೆಲ್ಲದರ ಮೇಲೆ ಶೇ. 18 ಜಿ.ಎಸ್.ಟಿ. ಒಟ್ಟು 11,208 ರೂಪಾಯಿ 82 ಪೈಸೆ. ಕೈಗೆ ಬಂದದ್ದು ಎರಡು ಕಾಲಂಗಳ ಬಣ್ಣದ ಹಾಳೆ. ಎಡಕ್ಕೆ ದುಂಡನೆಯ ಫೋಟೊ, ಅದರ ಕೆಳಗೆ ಆಟೊಕ್ಯಾಡ್‌ಗೆ ನಾಲ್ಕು ನಕ್ಷತ್ರ, ಎಕ್ಸೆಲ್‌ಗೆ ಐದು ನಕ್ಷತ್ರ. ಅದನ್ನು ಒಂದು ಕಂಪನಿಯ ಜಾಲತಾಣಕ್ಕೆ ಏರಿಸಿದಾಗ ತಂತ್ರಾಂಶವು ಎರಡೂ ಕಾಲಂಗಳನ್ನು ಅಡ್ಡಡ್ಡ ಓದಿ, ಪದವಿಯ ಜಾಗದಲ್ಲಿ ನನ್ನ ಕಾರ್ಖಾನೆಯ ಹೆಸರನ್ನು ತುಂಬಿತ್ತು. ಪುಟದ ತಲೆಪಟ್ಟಿಯಲ್ಲಿದ್ದ ಫೋನ್ ಸಂಖ್ಯೆ ಪೂರ್ತಿ ಮಾಯವಾಗಿತ್ತು. ಹಣ ವಾಪಸು ಕೇಳಿದರೆ, ವಿನ್ಯಾಸಕ್ಕೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಉತ್ತರ ಬಂತು.

ಹೊಸೂರಿನ ಕಾರ್ಖಾನೆಯಿಂದ: ಕಾಲಂ, ಬಣ್ಣ ಇವೆಲ್ಲ ಆಮೇಲಿನ ಮಾತು. ನನ್ನ ಹಳೆಯ ರೆಸ್ಯೂಮೆಯಲ್ಲೂ ಎಲ್ಲರಂತೆ ‘ತಪಾಸಣೆಯ ಹೊಣೆ ನಿರ್ವಹಿಸಿದ್ದೇನೆ’ ಎಂದಿತ್ತು. ಅದರಿಂದ ನಾನು ಮಾಡಿದ್ದೇನೆಂದು ಯಾರಿಗೆ ತಿಳಿಯಬೇಕು? ನಮ್ಮ ರಿಜೆಕ್ಷನ್ ರಿಜಿಸ್ಟರನ್ನು, ಎಂದರೆ ತಿರಸ್ಕೃತ ಭಾಗಗಳ ಲೆಕ್ಕದ ಪುಸ್ತಕವನ್ನು, ತಿಂಗಳುವಾರು ಕೂಡಿಸಿ ನೋಡಿ ಹೀಗೆ ಬದಲಿಸಿದೆ: ‘ಸಿ.ಎನ್.ಸಿ. ಲೇತ್‌ನಲ್ಲಿ ತಯಾರಾಗುವ ಶಾಫ್ಟ್‌ನ ಹೊರವ್ಯಾಸದ ದೋಷದಿಂದ ಶೇ. 4ರಷ್ಟಿದ್ದ ರಿಜೆಕ್ಷನ್ ಅನ್ನು, ಇನ್ಸರ್ಟ್ ಬದಲಿಸುವ ಅವಧಿ ನಿಗದಿಪಡಿಸಿ, ಶೇ. 1.5ಕ್ಕೆ ಇಳಿಸಿದೆ.’ (ಇನ್ಸರ್ಟ್ ಎಂದರೆ ಲೇತ್‌ನಲ್ಲಿ ಲೋಹ ಕತ್ತರಿಸುವ ತುದಿ.) ಕರೆ ಬಂದದ್ದು ಈ ಒಂದು ಸಾಲಿನಿಂದ. ಸಂದರ್ಶನದ ಅರ್ಧ ಹೊತ್ತು ಮಾತು ನಡೆದದ್ದೂ ಇದರ ಮೇಲೆಯೇ. ವಾಹನ ಬಿಡಿಭಾಗಗಳ ಕಂಪನಿಗೆ ಹಾಕುವುದಾದರೆ ಐ.ಎ.ಟಿ.ಎಫ್. 16949 (ವಾಹನ ಉದ್ಯಮದ ಗುಣಮಟ್ಟ ಮಾನದಂಡ), ಪಿ.ಪಿ.ಎ.ಪಿ. (ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಕ್ರಮ), ಎಫ್.ಎಂ.ಇ.ಎ. (ಎಲ್ಲಿ ದೋಷ ಬರಬಹುದೆಂಬ ಮುಂಚಿತ ವಿಶ್ಲೇಷಣೆ), ಎಂ.ಎಸ್.ಎ. (ಅಳತೆ ವ್ಯವಸ್ಥೆಯ ಪರೀಕ್ಷೆ) ಇವುಗಳಲ್ಲಿ ಕೈಯಾಡಿಸಿದಷ್ಟನ್ನು ಮಾತ್ರ ಬರೆಯಿರಿ, ಏಕೆಂದರೆ ಬರೆದದ್ದನ್ನು ಅವರು ಕೇಳಿಯೇ ಕೇಳುತ್ತಾರೆ. ಗೇಜ್ ಆರ್ ಅಂಡ್ ಆರ್, ಎಂದರೆ ಅಳತೆಯ ಉಪಕರಣ ಮತ್ತು ಅಳೆಯುವವರಿಂದ ಬರುವ ವ್ಯತ್ಯಾಸ, ಶೇ. 10ರೊಳಗಿದ್ದರೆ ಸರಿ, 30 ದಾಟಿದರೆ ಗೇಜನ್ನು ಒಪ್ಪುವಂತಿಲ್ಲ, ನಡುವೆ ಬಂದರೆ ಏನು ಮಾಡುತ್ತೀರಿ ಎಂದು ನನ್ನನ್ನು ಕೇಳಿದ್ದರು. ಹನ್ನೊಂದು ಸಾವಿರ ತೆಗೆದುಕೊಂಡವರು ಇದನ್ನು ಬರೆದುಕೊಡುತ್ತಿದ್ದರೇ?

ಬೊಮ್ಮಸಂದ್ರದವರು: ನಿಮಗೆ ರಿಜಿಸ್ಟರ್ ಕೈಗೆ ಸಿಕ್ಕಿತು, ಬರೆದಿರಿ. ನಮ್ಮಲ್ಲಿ ರಿಜೆಕ್ಷನ್ ಲೆಕ್ಕ ಮಾಲೀಕರ ಬೀರುವಿನಿಂದ ಹೊರಗೇ ಬರುವುದಿಲ್ಲ. ಎಲ್ಲರ ಕಾರ್ಖಾನೆಯೂ ನಿಮ್ಮದರಂತೆ ಎಂದು ತಿಳಿದು ಪಾಠ ಹೇಳಬೇಡಿ.

ತುಮಕೂರಿನವರು: ಗ್ಯಾಪ್ ವಿಚಾರ ಯಾರೂ ಎತ್ತಲಿಲ್ಲ. ನಾನು ಪರಿಚಯದವರ ಸಂಸ್ಥೆಯಿಂದ ಒಂದು ವರ್ಷದ ಅನುಭವ ಪತ್ರ ತಂದು ಸೇರಿಸಿದೆ. ಇಂದಿನವರೆಗೂ ಯಾರೂ ಪ್ರಶ್ನಿಸಿಲ್ಲ.

ನೇಮಕಾತಿ ವಿಭಾಗದಲ್ಲಿರುವವರು: ತುಮಕೂರಿನವರೇ, ಇಂಥ ಸಲಹೆಯನ್ನು ಹುಡುಗರಿಗೆ ಕೊಡಬೇಡಿ. ಪಿ.ಎಫ್.ನ ಯು.ಎ.ಎನ್. ಸಂಖ್ಯೆಯಿಂದ (ಕೆಲಸ ಬದಲಿಸಿದರೂ ಬದಲಾಗದ ಒಂದೇ ಸಂಖ್ಯೆ) ಯಾರು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರೆಂದು ತಿಳಿಯುತ್ತದೆ. ಸೇರಿದ ಮೇಲೆ ಸುಳ್ಳು ಪತ್ತೆಯಾಗಿ, ಮನೆಗೆ ಮುಂಗಡ ಕೊಟ್ಟು ಊರಿನಿಂದ ಹೆಂಡತಿ ಮಕ್ಕಳನ್ನು ಕರೆತಂದಿದ್ದವರನ್ನು ನಾನೇ ಕೂರಿಸಿಕೊಂಡು ರಾಜೀನಾಮೆ ಬರೆಸಿದ್ದೇನೆ. ‘ತಂದೆಯವರ ಅನಾರೋಗ್ಯದಿಂದ ಒಂದು ವರ್ಷ ಊರಿನಲ್ಲಿದ್ದೆ’ ಎಂಬ ಒಂದು ಸಾಲನ್ನು ನಿಜವಿದ್ದರೆ ಬರೆಯಿರಿ, ಅದಕ್ಕಾಗಿ ನಾವು ಯಾರನ್ನೂ ಕೈಬಿಟ್ಟಿಲ್ಲ. ಅಂಕಗಳ ಲೆಕ್ಕವೂ ಹಾಗೆಯೇ. ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಎಂದರೆ ಪಠ್ಯಕ್ರಮದಲ್ಲಿ, ಶೇಕಡಾ ಅಂಕ ತಿಳಿಯಲು ಸಿ.ಜಿ.ಪಿ.ಎ.ಯಿಂದ (ಸರಾಸರಿ ಗ್ರೇಡ್ ಅಂಕ) 0.75 ಕಳೆದು ಹತ್ತರಿಂದ ಗುಣಿಸಬೇಕು. 6.6 ಇದ್ದವರು ಶೇ. 66 ಎಂದು ಬರೆಯುತ್ತಾರೆ; ಲೆಕ್ಕಕ್ಕೆ ಬರುವುದು 58.5. ನಮ್ಮ ಮಿತಿ 60 ಇದ್ದರೆ ಅದನ್ನು ತಪ್ಪು ಎನ್ನುವವರಿಲ್ಲ, ಮೋಸ ಎಂದೇ ಬರೆದುಕೊಳ್ಳುತ್ತಾರೆ.

ತುಮಕೂರಿನವರು: ಆರು ತಿಂಗಳು ಮನೆಯಲ್ಲಿ ಕುಳಿತವನ ಅರ್ಜಿಯನ್ನು ತೆರೆಯದೆ ಬದಿಗಿಡುವವರು ನಿಮ್ಮ ವಿಭಾಗದವರೇ ಅಲ್ಲವೇ? ಮೊದಲು ಅದನ್ನು ಸರಿಪಡಿಸಿ, ಆಮೇಲೆ ಸತ್ಯದ ಮಾತನಾಡಿ.

ಭದ್ರಾವತಿಯ ನಿವೃತ್ತರು: ಜಗಳ ಬಿಡಿ. ಈಗಿನವರು ತಂದೆಯ ಹೆಸರು, ವಿಳಾಸ, ಕೊನೆಯ ಘೋಷಣೆ, ಸಹಿ ಎಲ್ಲವನ್ನೂ ಕಿತ್ತುಹಾಕಿದ್ದಾರೆ. ಸಹಿಯಿಲ್ಲದ ಕಾಗದವನ್ನು ನಮ್ಮ ಕಾಲದಲ್ಲಿ ಗುಮಾಸ್ತರು ಮುಟ್ಟುತ್ತಿರಲಿಲ್ಲ.

ನೇಮಕಾತಿ ವಿಭಾಗದಲ್ಲಿರುವವರು: ಹಿರಿಯರೇ, ಸರ್ಕಾರಿ ಉದ್ಯಮಗಳು ತಮ್ಮದೇ ನಮೂನೆಯಲ್ಲಿ ಅವೆಲ್ಲವನ್ನೂ ಕೇಳುತ್ತವೆ, ಅಲ್ಲಿ ತುಂಬಲಿ. ಖಾಸಗಿ ಕಂಪನಿಗೆ ಕಳುಹಿಸುವ ಹಾಳೆಯಲ್ಲಿ ತಂದೆಯ ಹೆಸರು, ಮದುವೆಯ ವಿವರ, ಸಹಿ ಇವಿಷ್ಟೇ ಕೆಳಗಿನ ಕಾಲು ಪುಟವನ್ನು ನುಂಗುತ್ತವೆ. ಹೊಸೂರಿನವರು ಬರೆದ ಶಾಫ್ಟ್‌ನಂಥ ಇನ್ನೆರಡು ಸಾಲು ಆ ಜಾಗದಲ್ಲಿ ಹಿಡಿಯುತ್ತವೆ. ಕೆಲವರು ಆಧಾರ್ ಸಂಖ್ಯೆಯನ್ನೂ ಅಲ್ಲಿಯೇ ಬರೆದು ಗೊತ್ತಿಲ್ಲದವರಿಗೆಲ್ಲ ಕಳುಹಿಸುತ್ತಾರೆ. ಅದನ್ನಂತೂ ಈಗಲೇ ಅಳಿಸಿ.