ಸಹಾಯ ಬೇಕು: ಫೀನಾಲ್ ರೆಡ್ ಇಲ್ಲದ ಮೀಡಿಯಂ (ಜೀವಕೋಶ ಬೆಳೆಸುವ ದ್ರಾವಣ) ಪುಣೆಯಲ್ಲಿ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಪುಣೆಯಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಸೋಯಾದಲ್ಲಿರುವ, ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಜೆನಿಸ್ಟೀನ್, ಡೈಡ್ಜೀನ್ ಹಾಕಿದರೆ ಯಕೃತ್ತಿನ ಜೀವಕೋಶಗಳು ಗ್ಲೂಕೋಸನ್ನು ಹೆಚ್ಚು ಹೀರಿಕೊಳ್ಳುತ್ತವೋ ಕಡಿಮೆಯೋ ಅಂತ ನೋಡುವ ಕೆಲಸ. ಇದಕ್ಕೆ ಬಳಸುವ ಹೆಪ್‌ಜಿ2 ಕೋಶಗಳು (ಮನುಷ್ಯರ ಯಕೃತ್ತಿನ ಗೆಡ್ಡೆಯಿಂದ ಬಂದವು) ಚೆನ್ನಾಗಿ ಬೆಳೆದಿವೆ.

ತೊಡಕಿರುವುದು ಮೀಡಿಯಂನಲ್ಲಿ. ಅದಕ್ಕೆ ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ತಾನೇ ಅಷ್ಟಿಷ್ಟು ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಮೀಡಿಯಂಗೆ ಬೆರೆಸುವ ಸೀರಂನಲ್ಲಂತೂ (ರಕ್ತದಿಂದ ತೆಗೆದ ದ್ರವ) ಹಾರ್ಮೋನು ಇದ್ದೇ ಇರುತ್ತದೆ. ಹೀಗಿರುವಾಗ ಕಂಡ ಪರಿಣಾಮ ಸೋಯಾದ್ದೇ ಅಂತ ಎದೆ ತಟ್ಟಿ ಹೇಳುವುದು ಹೇಗೆ? ಫೀನಾಲ್ ರೆಡ್ ಇಲ್ಲದ, ಕಡಿಮೆ ಗ್ಲೂಕೋಸಿನ ಡಿಎಂಇಎಂ ಮೀಡಿಯಂ ಒಂದು ಬಾಟಲಿ, ಚಾರ್ಕೋಲ್‌ನಲ್ಲಿ ಹಾರ್ಮೋನು ತೆಗೆದ ಸೀರಂ 50 ಮಿ.ಲೀ. ಸಿಕ್ಕರೆ ದೊಡ್ಡ ಉಪಕಾರ. ನಮ್ಮ ಆರ್ಡರ್ ಬಂದ ಕೂಡಲೇ ವಾಪಸ್ ಕೊಡ್ತೀನಿ.

ಇನ್ನೊಂದು ವಿಷಯ. ಜೆನಿಸ್ಟೀನ್ ಟೈರೋಸಿನ್ ಕೈನೇಸನ್ನೂ (ಕೋಶದೊಳಗೆ ಸಂಕೇತ ಸಾಗಿಸುವ ಕಿಣ್ವ) ತಡೆಯುತ್ತದೆ, ಕೋಶದೊಳಗೆ ಗ್ಲೂಕೋಸ್ ಸಾಗಿಸುವ ಗ್ಲಟ್1 ಪ್ರೋಟೀನ್ ಮೂಲಕ ಗ್ಲೂಕೋಸ್ ಒಳಹೋಗುವುದನ್ನು ನೇರವಾಗಿಯೂ ತಡೆಯಬಲ್ಲದು. ಇದರಿಂದ ಈಸ್ಟ್ರೋಜನ್ ಗ್ರಾಹಕದ ಪಾತ್ರವನ್ನು ಬೇರ್ಪಡಿಸಲು, ಆ ಗ್ರಾಹಕವನ್ನು ತಡೆಯುವ ಔಷಧಿ ಫುಲ್ವೆಸ್ಟ್ರಂಟ್ ಬಳಸಿದ ಅನುಭವ ಯಾರಿಗಾದರೂ ಇದ್ದರೆ ಡೋಸ್, ಎಷ್ಟು ಹೊತ್ತು ಮೊದಲು ಹಾಕಬೇಕು, ದಯವಿಟ್ಟು ತಿಳಿಸಿ. ನಮ್ಮ ಮನೆಯಲ್ಲೇ ಅಮ್ಮನಿಗೆ ಸಕ್ಕರೆ ಕಾಯಿಲೆ. ಈ ಪ್ರಯೋಗಕ್ಕೆ ಸರಿಯಾದ ಉತ್ತರ ಸಿಗಲೇಬೇಕು ಅನ್ನೋದು ನನ್ನ ಹಟ.

ಪಾಷಾಣ್, ಔಂಧ್, ಹಡಪ್ಸರ್ ಎಲ್ಲಿದ್ದರೂ ಸರಿ, ಐಸ್ ಡಬ್ಬಿ ಹಿಡಿದು ನಾನೇ ಬರ್ತೀನಿ. ಇನ್‌ಬಾಕ್ಸ್ ಮಾಡಿ.